ಮೊದಲೇ ಸಡಿಲವಿತ್ತು

ಮುಟ್ಟಬೇಡಿ ಎಂದು ಗೇಟಿನ ಕಾವಲುಗಾರ ಹೇಳುವ ಹೊತ್ತಿಗೆ ಅವನ ಕೈ ಆಗಲೇ ಹಳೆಯ ರೈಲು ಸೇತುವೆಯ ಕಬ್ಬಿಣದ ಮೇಲಿತ್ತು. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಈ ಕಂಬವನ್ನು ಮುಟ್ಟಿಯೇ ಮೇಲೆ ಹತ್ತುತ್ತಿದ್ದ ಕೈ, ತಾನಾಗಿಯೇ ಹೋಗಿತ್ತು. ಕದ್ದು ಸಿಕ್ಕಿಬಿದ್ದವನ ಹಾಗೆ ಹಿಂದಕ್ಕೆಳೆದುಕೊಂಡ. ನಾನು ಇಲ್ಲೇ ಕೆಲಸ ಮಾಡಿದವನು ಎಂದು ಹೇಳಬಹುದಿತ್ತು. ಹೇಳಿದರೆ ಇವನು ಓಹೋ ಎನ್ನುತ್ತಾನೆ, ಏನು ಕೆಲಸ ಎನ್ನುತ್ತಾನೆ, ರಿವೆಟ್ಟು ಬಡಿದು ಅದರ ಸದ್ದು ಕೇಳುವ ಕೆಲಸ ಎಂದು ಹೇಳಬೇಕಾಗುತ್ತದೆ, ಆಗ ಪಕ್ಕದಲ್ಲಿ ಮಗಳು ನಿಂತಿರುತ್ತಾಳೆ. ಕಾವಲುಗಾರನ ಮೂಗಿನ ತುದಿಯಲ್ಲಿ ಒಂದು ಬೆವರಹನಿ ಬೀಳಲೋ ಬೇಡವೋ ಎಂದು ನೇತಾಡುತ್ತಿತ್ತು. ಆ ಮೂಗನ್ನು ಹಿಡಿದು ತಿರುಚಿದರೆ ಹೇಗಿರುತ್ತದೆ ಎಂದು ಯೋಚಿಸಿದ; ಮೂಳೆ ಲಟಕ್ಕೆನ್ನುವುದನ್ನೂ ಕೇಳಿಸಿಕೊಂಡ. ಆಮೇಲೆ ತನಗೆ ತಾನೇ ಹೆದರಿ, ಆಯ್ತು ಆಯ್ತು ಎಂದು ತಲೆಯಾಡಿಸಿ ಒಳಗೆ ನಡೆದ. ಈಚೆಗೆ ಹೀಗಾಗುತ್ತಿತ್ತು. ಬಸ್ಸಿನಲ್ಲಿ ಮುಂದಿನ ಸೀಟಿನವನ ಕತ್ತು ಕಂಡರೆ ಅದು ಮುರಿಯುವ ಸದ್ದು. ಬಸುರಿ ಬೆಕ್ಕೊಂದು ಗೋಡೆಯಿಂದ ಹಾರಿದರೆ ಅದರ ಬೆನ್ನು. ಅವನ ಕಿವಿಗೆ ಬೇರೆ ಕೆಲಸ ಇರಲಿಲ್ಲ, ಸೇತುವೆ ಮುಚ್ಚಿದ ಮೇಲೆ ಉಗ್ರಾಣದಲ್ಲಿ ಬೋಲ್ಟು ನಟ್ಟು ಬೇರ್ಪಡಿಸಲು ಹಾಕಿದ್ದರು, ಕೆಲಸವಿಲ್ಲದ ಕಿವಿ ಇಲ್ಲದ್ದನ್ನೆಲ್ಲ ಕೇಳುತ್ತಿತ್ತು.

ಸೇತುವೆಗೆ ಹೋಗಿಬರೋಣ ಎಂದವಳು ಹೆಂಡತಿ. ಸೋಮವಾರ ಆಸ್ಪತ್ರೆಗೆ ಸೇರಿಸಿದರೆ ಮತ್ತೆ ಎಷ್ಟು ದಿನವೋ, ಮಗು ಒಂದಿಷ್ಟು ಗಾಳಿ ಕುಡಿಯಲಿ, ನೀನು ಅಷ್ಟು ವರ್ಷ ಎಲ್ಲಿ ಸಾಯ್ತಿದ್ದೆ ಅಂತ ಅವಳೂ ನೋಡಲಿ ಎಂದಿದ್ದಳು. ಅವಳು ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವವಳು, ದಿನಕ್ಕೆ ಮುನ್ನೂರು ಕತ್ತು ಹೊಲಿಯುತ್ತೇನೆ ಎಂದು ನಗುತ್ತಿದ್ದಳು, ಭಾನುವಾರ ಬಂದರೆ ಬಿದ್ದುಕೊಂಡರೆ ಸಾಕು ಎನ್ನುವವಳು. ಅಂಥವಳು ಬೆಳಿಗ್ಗೆ ಎದ್ದು ಮಗಳ ತಲೆ ಬಾಚಿ ಎಡಗಡೆಯ ಕೂದಲನ್ನು ಕಿವಿಯ ಮೇಲೆ ಇಳಿಬಿಟ್ಟು ಕ್ಲಿಪ್ಪು ಹಾಕಿದ್ದಳು. ದಾರಿಯಲ್ಲಿ ಮೂವರೂ ಒಟ್ಟಿಗೆ ನಡೆಯುವಾಗ ಅವಳು ತಾನಾಗಿ ಮಗಳ ಬಲಗಡೆಗೆ ಬರುತ್ತಾಳೆ. ಅವನಿಗೆ ಎಡಗಡೆ ಉಳಿಯುತ್ತದೆ. ನಾಲ್ಕು ವರ್ಷದಿಂದ ಅವನು ಮಗಳ ಕೇಳದ ಕಿವಿಯ ಪಕ್ಕದಲ್ಲೇ ನಡೆಯುತ್ತಿದ್ದಾನೆ. ಇದನ್ನು ಹೆಂಡತಿ ಬೇಕೆಂದು ಮಾಡುತ್ತಾಳೋ ಅಭ್ಯಾಸವೋ ಅವನಿಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ.

ಕಿವಿಯ ಹೊಸ ಡಾಕ್ಟರಮ್ಮ ಹಿಂದಿನವರ ಹಾಗಿರಲಿಲ್ಲ. ಹಿಂದಿನವರು ಹನಿಮದ್ದು ಬರೆದು ಮುಂದಿನವರನ್ನು ಕರೆಯುತ್ತಿದ್ದರು. ಈಕೆ ಹತ್ತಿ ಸುತ್ತಿದ ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತಾ, ಒಳಗೆ ಅಕ್ಕಿಕಾಳಿಗಿಂತ ಸಣ್ಣ ಮೂರು ಮೂಳೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತೆ, ಇವಳದ್ದು ಕೊಂಡಿ ಕಳಚಿರೋ ಹಾಗಿದೆ, ಸೋರಿ ಕೊಳೆತು ಕಳಚಿದ್ದರೆ ನಾನು ಒಂದು ದಾರೀಲಿ ಹೋಗಬೇಕು, ಏಟು ಬಿದ್ದು ಕಳಚಿದ್ದರೆ ಇನ್ನೊಂದು ದಾರಿ ಎಂದಿದ್ದಳು. ಬಿದ್ದಿದ್ದಳಾ, ಯಾರಾದರೂ ಹೊಡೆದಿದ್ದರಾ ಎಂದು ಅವನನ್ನೇ ನೋಡಿ ಕೇಳಿದ್ದಳು. ಮೊದಲಿಂದ ಸೋರ್ತಿತ್ತು ಎಂದಿದ್ದ. ನಾಲ್ಕು ವರ್ಷ ಹೇಳಿ ಹೇಳಿ ನಯವಾಗಿದ್ದ ಮಾತು, ಎಡವದೆ ಬಂತು. ಡಾಕ್ಟರಮ್ಮ ಕಡ್ಡಿಯನ್ನು ಡಬ್ಬಿಗೆ ಎಸೆದು, ಸೋಮವಾರದ ತನಕ ಯೋಚನೆ ಮಾಡಿ, ತಪ್ಪು ಹೇಳಿದರೆ ನಾನು ಕತ್ತಲಲ್ಲಿ ಕತ್ತರಿಸಿದ ಹಾಗಾಗುತ್ತೆ, ಉಳಿದಿರೋದೂ ಹೋಗಬಹುದು ಎಂದಳು. ಹೆಂಡತಿ ಆಗ ಗೋಡೆಯ ಮೇಲಿನ ಕಿವಿಯ ಚಿತ್ರ ನೋಡುತ್ತಿದ್ದಳು. ಬಸವನಹುಳದ ಹಾಗಿದೆ ಅಲ್ವಾ ಎಂದು ಮಗಳಿಗೆ ತೋರಿಸುತ್ತಿದ್ದಳು.

ಸೇತುವೆಯ ಹಳಿ ಕಿತ್ತು ಹಲಗೆ ಹಾಸಿದ್ದರು. ಇಕ್ಕೆಲದಲ್ಲೂ ಹೂಕುಂಡ. ಕಬ್ಬಿಣಕ್ಕೆಲ್ಲ ತಿಳಿನೀಲಿ ಬಣ್ಣ ಬಳಿದಿದ್ದರು, ಸತ್ತವರಿಗೆ ಪೌಡರು ಹಚ್ಚಿದ ಹಾಗೆ ಎಂದುಕೊಂಡ. ಜನ ಒಬ್ಬರನ್ನೊಬ್ಬರು ಕಮಾನಿಗೆ ಒರಗಿಸಿ ಫೋಟೋ ತೆಗೆಯುತ್ತಿದ್ದರು. ಇದು ಎಂಥ ಹೊಡೆತದಿಂದ ಎದ್ದು ನಿಂತದ್ದು ಎಂದು ಇವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅವನಿಗೆ ಕೆಲಸ ಕಲಿಸಿದ ಮುದುಕ ಹೇಳುತ್ತಿದ್ದ: ಕೆಂಡದ ರಿವೆಟ್ಟನ್ನು ಇಕ್ಕಳದಲ್ಲಿ ಹಿಡಿದು ತೂತಿಗೆ ತುರುಕಿ, ಆಚೆ ಕಡೆಯಿಂದ ಇಬ್ಬರು ಸರದಿಯ ಮೇಲೆ ಬಡಿಯಬೇಕು, ಅದು ಇನ್ನೂ ಕೆಂಪಗಿರುವಾಗಲೇ ಅದರ ತಲೆ ಜಜ್ಜಬೇಕು, ಆರಿದ ಮೇಲೆ ಬಡಿದರೆ ಬರೀ ಕೈ ನೋವು. ಆರುತ್ತಾ ಆರುತ್ತಾ ಅದು ಕುಗ್ಗಿ ಎರಡು ತಗಡನ್ನು ಹಲ್ಲು ಕಚ್ಚಿದ ಹಾಗೆ ಹಿಡಿಯುತ್ತದೆ. ಹಾಗೆ ತಲೆ ಜಜ್ಜಿಸಿಕೊಂಡು ಹಲ್ಲು ಕಚ್ಚಿದವು ಈ ಸೇತುವೆಯಲ್ಲಿ ಲಕ್ಷಗಟ್ಟಲೆ. ಅವನ ಪಾಲಿಗೆ ಬಂದದ್ದು ಯಾವುದು ಕಚ್ಚು ಬಿಟ್ಟಿದೆ ಎಂದು ಹುಡುಕುವುದು. ರಿವೆಟ್ಟಿನ ತಲೆಯ ಒಂದು ಪಕ್ಕಕ್ಕೆ ಎಡಗೈಯ ಬೆರಳಿಟ್ಟು ಇನ್ನೊಂದು ಪಕ್ಕಕ್ಕೆ ಸಣ್ಣ ಸುತ್ತಿಗೆಯಿಂದ ಒಂದು ಪೆಟ್ಟು. ಗಟ್ಟಿ ಇದ್ದರೆ ಠಣ್ಣೆನ್ನುತ್ತದೆ, ಬೆರಳಿಗೇನೂ ತಿಳಿಯುವುದಿಲ್ಲ. ಸಡಿಲಾಗಿದ್ದರೆ ಒದ್ದೆ ಗೋಡೆಗೆ ಹೊಡೆದ ಹಾಗೆ ಮಂಕು ಸದ್ದು, ಬೆರಳ ಕೆಳಗೆ ಹುಳ ಮಿಸುಕಿದಂತೆ. ಸುತ್ತ ಸುಣ್ಣದ ಕಡ್ಡಿಯಲ್ಲಿ ಒಂದು ವೃತ್ತ ಎಳೆದು ಮುಂದಕ್ಕೆ ಹೋಗುವುದು. ಕೆಲವಕ್ಕೆ ಬಡಿಯುವುದೇ ಬೇಡ, ತಲೆಯ ಕೆಳಗಿನಿಂದ ತುಕ್ಕು ಕೆಂಪಗೆ ಇಳಿದಿರುತ್ತದೆ, ಅಳುಬುರುಕಿ ಎಂದು ಅವಕ್ಕೆ ಹೆಸರು. ಮುದುಕ ಹೇಳದೆ ಬಿಟ್ಟದ್ದು, ಎಲ್ಲ ಸುತ್ತಿಗೆಯವರಿಗೂ ಗೊತ್ತಿದ್ದದ್ದು ಒಂದೇ: ಜೋರಾಗಿ ಹೊಡೆದರೆ ಗಟ್ಟಿ ಇದ್ದದ್ದೂ ಸಡಿಲವಾಗುತ್ತದೆ. ಆಮೇಲೆ ಅದು ಯಾವಾಗ ಸಡಿಲವಾಯಿತು ಎಂದು ಬ್ರಹ್ಮನೂ ಹೇಳಲಾರ.

ನೀನು ಎಲ್ಲಿ ನಿಂತ್ಕೊಳ್ತಿದ್ದೆ ಅಪ್ಪಾ ಎಂದು ಮಗಳು ಕೇಳಿದಳು. ಮೂರನೇ ಕಮಾನಿನ ನೆತ್ತಿ ತೋರಿಸಿದ. ಅಷ್ಟು ಮೇಲಾ, ಬೀಳ್ತಿರಲಿಲ್ವಾ ಎಂದಳು. ಬಿದ್ದಿದ್ದರೆ ನೀನು ಹುಟ್ತಿರಲಿಲ್ಲ ಎಂದು ನಗಿಸಲು ನೋಡಿದ, ಅವಳ ಎಡಗಡೆ ಇದ್ದ, ಅವಳಿಗೆ ಕೇಳಿಸಲಿಲ್ಲ, ಮೇಲೆಯೇ ನೋಡುತ್ತಾ ಮುಂದೆ ಹೋದಳು. ನಾಲ್ಕು ವರ್ಷದ ಹಿಂದೆ ಒಂದು ದಿನ ಆ ಮೂರನೇ ಕಮಾನಿನ ಕೆಳಗೆ ಎಂಜಿನಿಯರ್ ನಿಂತಿದ್ದ, ಕೈಯಲ್ಲಿ ಇವನು ಗಟ್ಟಿ ಎಂದು ಬಿಟ್ಟಿದ್ದ ರಿವೆಟ್ಟಿನ ತಲೆ. ಕೈಯಲ್ಲೇ ಕಿತ್ತು ಬಂತು ಕಣಯ್ಯಾ, ನಿನ್ನ ಕಿವೀನ ಯಾವ ಗುಜರಿಗೆ ಹಾಕಿದೆ ಎಂದು ಹನ್ನೆರಡು ಜನರ ಮುಂದೆ ಕೇಳಿದ. ಹನ್ನೆರಡು ಜನವೂ ನಕ್ಕರು, ಅವನ ಜೊತೆ ಉಂಡವರು, ನಗದಿದ್ದರೆ ಮುಂದಿನ ಸರದಿ ತಮ್ಮದು ಎಂದು ನಕ್ಕರು, ಅದು ಗೊತ್ತಿದ್ದೂ ಒಬ್ಬೊಬ್ಬರ ಹಲ್ಲನ್ನೂ ಎಣಿಸಿಕೊಂಡ. ಎಂಜಿನಿಯರ್ ಆ ತಲೆಯನ್ನು ಅವನ ಅಂಗಿಯ ಜೇಬಿಗೆ ಹಾಕಿ ಮೇಲಿಂದ ತಟ್ಟಿ, ಇಟ್ಕೋ, ಕಿವಿಗೆ ಓಲೆ ಮಾಡಿಸ್ಕೋ ಎಂದ. ಮತ್ತೆ ನಗು. ಅವನು ಮೇಲೆ ಹತ್ತಿದ. ಎದುರಿಗೆ ಸಿಕ್ಕ ಮೊದಲ ರಿವೆಟ್ಟಿಗೆ ಸುತ್ತಿಗೆ ಬೀಸಿದ. ಠಣ್ಣೆಂದಿತು, ಗಂಟೆಯ ಹಾಗೆ ಸ್ವಚ್ಛವಾಗಿ. ಅದು ಅಷ್ಟು ಗಟ್ಟಿ ಇದ್ದದ್ದೇ ಅವನಿಗೆ ತಡೆಯಲಾಗಲಿಲ್ಲ. ಮತ್ತೆ ಬೀಸಿದ, ಮತ್ತೆ. ಬಾಯಲ್ಲಿ ಉಗುಳು ತುಂಬಿತ್ತು, ಬೆರಳು ಜಜ್ಜಿ ರಕ್ತ ಸುತ್ತಿಗೆಯ ಹಿಡಿಗೆ ಅಂಟಿತ್ತು, ಎಷ್ಟನೆಯದಕ್ಕೋ ಸದ್ದು ಮಂಕಾಯಿತು, ಇನ್ನೆಷ್ಟನೆಯದಕ್ಕೋ ತಲೆ ಹಾರಿ ನದಿಗೆ ಬಿತ್ತು. ಹಾಯೆನಿಸಿತು. ಹೆಣ್ಣಿನ ಜೊತೆ ಮಲಗಿ ಎದ್ದಾಗಲೂ ಅಷ್ಟು ಹಾಯೆನಿಸಿರಲಿಲ್ಲ. ಆಮೇಲೆ ಕೂತುಕೊಂಡು ದಾಖಲೆ ಪುಸ್ತಕ ತೆಗೆದು ಆ ರಿವೆಟ್ಟಿನ ಜಾಗದ ಎದುರಿಗೆ ಮೊದಲೇ ಸಡಿಲವಿತ್ತು ಎಂದು ಬರೆದ. ಅಕ್ಷರ ಚೆನ್ನಾಗಿಯೇ ಬಂತು.

ಅಂದು ಸಂಜೆ ಮಗಳು ಅಡಿಗೆಮನೆಯ ನೆಲದಲ್ಲಿ ಕೂತು ಚಮಚದಿಂದ ತಟ್ಟೆಗೆ ಬಡಿಯುತ್ತಿದ್ದಳು. ಎಂಟು ವರ್ಷ. ಅಪ್ಪನ ಆಟ. ತಟ್ಟೆಯ ಅಂಚಿಗೆ ಬೆರಳಿಟ್ಟು ಒಂದು ಪೆಟ್ಟು ಹಾಕಿ ಕಿವಿ ಹತ್ತಿರ ತಂದು, ಇದು ಗಟ್ಟಿ, ಮುಂದಕ್ಕೆ, ಎನ್ನುತ್ತಿದ್ದಳು. ಅವನೇ ಕಲಿಸಿದ್ದ ಆಟ. ಹೆಂಡತಿ ಎರಡನೇ ಪಾಳಿಯಲ್ಲಿದ್ದಳು. ನಿಲ್ಲಿಸು ಎಂದ. ಇದೊಂದು ಅಪ್ಪಾ ಎಂದಳು. ನಿಲ್ಲಿಸು ಎಂದ. ಗಟ್ಟಿ, ಎಂದಳು. ಅಂಗೈ ಅಗಲಿಸಿ ಕೊಟ್ಟ, ಒಂದು. ಒಂದೇ ಏಟು. ಯಾವ ಅಪ್ಪ ಮಕ್ಕಳಿಗೆ ಒಂದು ಏಟು ಹಾಕಿಲ್ಲ, ತನ್ನಪ್ಪ ಬೆಲ್ಟು ಬಿಚ್ಚುತ್ತಿದ್ದ, ತಾನು ಕಿವುಡನಾಗಿದ್ದಾನೆಯೇ ಎಂದು ನಾಲ್ಕು ವರ್ಷ ಈ ಒಂದನ್ನು ಎತ್ತಿ ಎತ್ತಿ ತೂಗಿದ್ದಾನೆ. ಅವಳು ಅಳಲಿಲ್ಲ. ಸ್ಟೌವಿನ ಕಟ್ಟೆಗೆ ಬೆನ್ನು ತಾಗಿಸಿ ಕೂತು ಅವನ ಬಾಯಿ ನೋಡುತ್ತಿದ್ದಳು, ಅವನು ಏನೋ ಹೇಳುತ್ತಿದ್ದಾನೆ, ತನಗೆ ಅರ್ಥವಾಗುತ್ತಿಲ್ಲ ಎನ್ನುವ ಹಾಗೆ. ತಟ್ಟೆ ಮಾತ್ರ ನೆಲದ ಮೇಲೆ ಸುತ್ತಿ ಸುತ್ತಿ ಬಹಳ ಹೊತ್ತಿನ ಮೇಲೆ ಅಂಗಾತ ಬಿತ್ತು. ವಾರದ ಮೇಲೆ ದಿಂಬಿನ ಮೇಲೆ ಹಳದಿ ಕಲೆ. ಸೋರಿದ್ದು ಸುಳ್ಳಲ್ಲವಲ್ಲ. ಬರೀ ಮೊದಲಿಂದ ಎನ್ನುವ ಒಂದು ಪದ ಸೇರಿಸಿದ.

ನಾಲ್ಕನೇ ಕಮಾನಿನ ಹತ್ತಿರ ಜನ ಗುಂಪುಗಟ್ಟಿದ್ದರು. ಕತ್ತಿಗೆ ಸಣ್ಣ ಧ್ವನಿವರ್ಧಕ ನೇತುಹಾಕಿಕೊಂಡ, ಗಾಳಿ ಬಂದರೆ ಹಾರಿಹೋಗುವಷ್ಟು ಸಣಕಲ ಗೈಡು ಸೇತುವೆಯ ಕಥೆ ಹೇಳುತ್ತಿದ್ದ. ಅರ್ಧ ಬೊಗಳೆ. ಕಬ್ಬಿಣ ಹಡಗಿನಲ್ಲಿ ಬಂತು ಎಂದ, ನಿಜ. ಒಂದೊಂದು ಕಂಬದ ಕೆಳಗೂ ಒಬ್ಬೊಬ್ಬನ ಬಲಿ ಎಂದ, ಹೆಂಗಸರು ಕೆಳಗೆ ನೋಡಿದರು. ಆಮೇಲೆ ಆಟದ ಸುತ್ತಿಗೆಯಂಥದ್ದೊಂದನ್ನು ತೆಗೆದು, ನೋಡಿ, ಹಿಂದಿನವರು ಕಿವಿ ಒಂದನ್ನೇ ನಂಬಿ ಸೇತುವೆ ಕಾಯ್ತಿದ್ರು, ಈಗಿನ ಗಂಡಂದಿರ ಹಾಗಲ್ಲ, ಹೆಂಡತಿ ಕೂಗಿದ್ರೂ ಕೇಳಿಸಲ್ಲ, ಎಂದು ಒಂದು ರಿವೆಟ್ಟಿಗೆ ತಟ್ಟಿದ. ಜನ ನಕ್ಕರು. ಹೆಂಡತಿಯೂ ನಕ್ಕಳು. ಅವನು ನಗಲಿಲ್ಲ, ಆ ರಿವೆಟ್ಟು ಮಂಕಾಗಿ ಸದ್ದು ಮಾಡಿತ್ತು, ಸಡಿಲ, ಮೇಲೆ ನೀಲಿ ಬಳಿದು ಮುಚ್ಚಿದ್ದರು. ಆ ಗೈಡು ಅದು ತಿಳಿಯದೆ ಎಷ್ಟು ಚೆನ್ನಾಗಿ ಕೇಳುತ್ತೆ ನೋಡಿ ಎನ್ನುತ್ತಿದ್ದ. ಮಗಳು ಗುಂಪಿನ ಮುಂದೆ, ಹಲಗೆಯ ನಡುವೆ ನಿಂತು, ಕಂಬಿಯ ಸಂದಿನಿಂದ ನೀರನ್ನು ನೋಡುತ್ತಿದ್ದಳು. ಗೈಡು ಗುಂಪನ್ನು ಮುಂದಕ್ಕೆ ಕರೆದೊಯ್ಯಬೇಕಿತ್ತು. ದಾರಿ ಬಿಡಮ್ಮ ಎಂದ. ಗೈಡು ಅವಳ ಎಡಗಡೆಯಿಂದ ಬರುತ್ತಿದ್ದ. ಪುಟ್ಟಾ ಸ್ವಲ್ಪ ಈ ಕಡೆ ಎಂದ. ಮೂರನೇ ಸಲ ಧ್ವನಿವರ್ಧಕವನ್ನು ಬಾಯಿಗೆ ಹಿಡಿದು, ರಾಗ ಎಳೆದು, ಹೇಳಿದ:

"ಏ ಕಿವುಡಮ್ಮಾ, ಸೇತುವೆ ನಿಮ್ಮಪ್ಪಂದಾ?"

ಎಲ್ಲರೂ ನಕ್ಕರು. ಅಷ್ಟೇ ಆಗಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಮಗಳು ಧ್ವನಿಗೆ ತಿರುಗಿದಳು, ಅಷ್ಟು ಜನ ನಗುತ್ತಿರುವುದನ್ನು ಕಂಡಳು, ಏನೋ ತಮಾಷೆ ನಡೆದಿದೆ, ತನಗೆ ತಪ್ಪಿಹೋಗಿದೆ ಎಂದು ಗೊತ್ತಾಗಬಾರದೆಂದು ತಾನೂ ನಕ್ಕಳು. ಚೆನ್ನಾಗಿ, ಹಲ್ಲು ಕಾಣುವ ಹಾಗೆ, ಅಭ್ಯಾಸವಾದವರ ಹಾಗೆ. ಶಾಲೆಯಲ್ಲಿ ಬಸ್ಸಿನಲ್ಲಿ ನಾಲ್ಕು ವರ್ಷ ಇವಳು ಹೀಗೇ ನಕ್ಕಿದ್ದಾಳೆ. ಅದು ಹೊಳೆಯುವುದಕ್ಕೂ ಅವನ ಮುಷ್ಟಿ ಗೈಡಿನ ಬಾಯಿಗೆ ಬೀಳುವುದಕ್ಕೂ ನಡುವೆ ಏನಾಯಿತೋ ಅವನಿಗೆ ತಿಳಿಯದು. ಹಲ್ಲು ತುಟಿಯ ಒಳಕ್ಕೆ ಹೋದದ್ದು ಗೆಣ್ಣಿಗೆ ತಿಳಿಯಿತು. ಕಾಲರ್ ಹಿಡಿದು ಕಂಬಕ್ಕೆ ತಳ್ಳಿದ, ಧ್ವನಿವರ್ಧಕ ಕೀಂ ಎಂದು ಚೀರಿತು, ಗೈಡಿನ ತಲೆಯ ಹಿಂಬದಿ ಕಬ್ಬಿಣಕ್ಕೆ ತಗುಲಿದ ಸದ್ದು ಮೃದುವಾಗಿ ಬಂತು, ಅದೂ ಹಿತವಾಗಿ ಕೇಳಿಸಿತು. ನೀಲಿ ಬಣ್ಣದ ಮೇಲೆ ಕೆಂಪು ಹನಿ. ಯಾರೋ ಬಿಡಪ್ಪಾ ಬಿಡಪ್ಪಾ ಎನ್ನುತ್ತಾ ಅವನ ಸೊಂಟ ಹಿಡಿದಿದ್ದರು. ಗೈಡು ಕೈ ಅಡ್ಡ ತರಲಿಲ್ಲ, ಅವನ ಕಣ್ಣಲ್ಲಿ ಆಶ್ಚರ್ಯವಿತ್ತು, ಏನಾಯಿತು ಎಂದು ಹೊಡೆದವನ ಬಾಯಿಯನ್ನೇ ನೋಡುತ್ತಿದ್ದ. ಈ ನೋಟ ತನಗೆ ಗೊತ್ತು ಎನ್ನಿಸಿತು. ಗೊತ್ತು ಎನ್ನಿಸಿದ್ದಕ್ಕೇ ಅದನ್ನು ಒರೆಸಿಹಾಕಬೇಕೆನ್ನಿಸಿತು. ಕೈಯನ್ನು ಮತ್ತೆ ಎತ್ತಿದ, ಈ ಸಲ ಅಂಗೈ ಅಗಲಿಸಿ. ಎತ್ತಿದ ಕೈಯ ಕೆಳಗಿನಿಂದ ಮಗಳು ಕಂಡಳು. ಮೂರು ಮಾರು ದೂರದಲ್ಲಿ ನಿಂತಿದ್ದಳು. ಅವಳತ್ತ ಯಾರೂ ಕೈ ಎತ್ತಿರಲಿಲ್ಲ. ಅವಳ ಎಡಗೈ ಎಡಗಿವಿಯನ್ನು ಮುಚ್ಚಿತ್ತು. ಬಲಗಿವಿಯನ್ನಲ್ಲ. ಸದ್ದಿಗೆ ಹೆದರಿದವಳಾಗಿದ್ದರೆ ಕೇಳುವ ಕಿವಿಯನ್ನು ಮುಚ್ಚಿಕೊಳ್ಳುತ್ತಿದ್ದಳು.

ಗೇಟಿನ ಪಕ್ಕದ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಒರಗಿಸಿದ ಮುರಿದ ಫ್ಯಾನು. ಕಾವಲುಗಾರ ರಿಜಿಸ್ಟರ್ ತೆಗೆದು ಕನ್ನಡಕ ಹಾಕಿಕೊಂಡ, ಇಷ್ಟು ಹೊತ್ತು ಬೆವರುತ್ತಿದ್ದ ಮುದುಕ ಕನ್ನಡಕ ಹಾಕಿದ್ದೇ ನ್ಯಾಯಾಧೀಶನಾದ. ಗೈಡು ಕುರ್ಚಿಯಲ್ಲಿ ಕೂತು ಕರ್ಚೀಫನ್ನು ತುಟಿಗೊತ್ತಿ ಒತ್ತಿ ನೋಡುತ್ತಿದ್ದ. ಹೆಂಡತಿ ಬಾಗಿಲಲ್ಲಿ ಮಗಳ ಭುಜ ಹಿಡಿದು ನಿಂತಿದ್ದಳು. ಗೈಡಿನ ಕಾಲರಿನ ಹೊಲಿಗೆ ಅರ್ಧ ಬಿಟ್ಟಿರುವುದರ ಮೇಲೆ ಅವಳ ಕಣ್ಣು ನಿಂತಿತ್ತು. ಎಷ್ಟು ಏಟು, ಯಾಕೆ, ಎಲ್ಲಾ ಬರೀಬೇಕು, ಮೇಲಿನವರು ಕೇಳ್ತಾರೆ ಎಂದು ಕಾವಲುಗಾರ ಪೆನ್ನು ಜಾಡಿಸಿದ. ಅಷ್ಟರಲ್ಲಿ ಗೈಡು ಕರ್ಚೀಫು ತೆಗೆದು, ಬಿಡಿ ಯಜಮಾನ್ರೇ, ಇದನ್ನ ಬೆಳೆಸಬೇಡಿ, ಮಗೂನ ಹಾಗೆ ಅಂದೆ ಅಂತ ಗೊತ್ತಾದ್ರೆ ನನ್ನ ಕೆಲಸಾನೂ ಹೋಗುತ್ತೆ, ನನಗೂ ಮನೇಲಿ ಎರಡಿವೆ ಎಂದ. ಮಾತು ತುಟಿಯಲ್ಲಿ ತೊದಲುತ್ತಿತ್ತು. ಹಲಗೆ ಎಡವಿ ಬಿದ್ದೆ ಅಂತ ಬರೀರಿ. ಆ ಹಲಗೆ ಮೊದಲೇ ಸರಿ ಇರಲಿಲ್ಲ.

ಕಾವಲುಗಾರನಿಗೂ ಅದೇ ಸುಲಭವೆನಿಸಿದ ಹಾಗಿತ್ತು, ಬರೆಯಲು ಬಾಗಿದ. ಎಲ್ಲ ಮುಗಿಯುತ್ತಿತ್ತು. ಬಸ್ಸು ಹಿಡಿದು ಮನೆಗೆ ಹೋಗಬಹುದು, ನಾಳೆ ಡಾಕ್ಟರಮ್ಮನ ಎದುರು ಮತ್ತೆ ಆ ನಯವಾದ ಮಾತು ಹೇಳಬಹುದು, ಆಕೆ ಕತ್ತಲಲ್ಲಿ ಒಂದು ದಾರಿ ಹಿಡಿದು ಸಣ್ಣ ಕತ್ತರಿ ಇಳಿಸುತ್ತಾಳೆ, ಇವಳು ಎಚ್ಚರವಾದ ಮೇಲೆ ಮತ್ತೆ ನಗುವುದನ್ನು ಅಭ್ಯಾಸ ಮಾಡುತ್ತಾಳೆ. ಅವನ ಗೆಣ್ಣಿನಲ್ಲಿ ಆ ಬಡಪಾಯಿಯ ಹಲ್ಲಿನ ಗುರುತಿತ್ತು. ಪೆನ್ನಿನ ತುದಿ ಕಾಗದಕ್ಕೆ ತಾಗುವುದನ್ನು ನೋಡುತ್ತಾ ಹೇಳಿದ:

"ನಾನು ಹೊಡೆದೆ."

"ಅದು ಊರಿಗೇ ಗೊತ್ತಲ್ಲಪ್ಪಾ. ಅವರೇ ಬೇಡ ಅಂತಿದ್ದಾರೆ, ನಿಂದೇನು?"

"ಇವರನ್ನಲ್ಲ. ಮಗಳನ್ನ. ನಾಲ್ಕು ವರ್ಷದ ಹಿಂದೆ. ಕಿವಿ ಸೋರಿ ಹೋಗಿದ್ದಲ್ಲ. ನಾನು ಹೊಡೆದೆ, ಹೋಯ್ತು. ಒಂದು ಏಟಿಗೆ."

ಕಾವಲುಗಾರ ಕನ್ನಡಕದ ಮೇಲಿನಿಂದ ನೋಡಿದ. ಇದು ಯಾವ ಕಾಲಮ್ಮಿಗೆ ಸೇರುವುದೆಂದು ಅವನಿಗೆ ತಿಳಿಯಲಿಲ್ಲ. ಗೈಡು ಕರ್ಚೀಫನ್ನು ಹಾಗೇ ಹಿಡಿದುಕೊಂಡಿದ್ದ. ಹೇಳಿದವನಿಗೆ ಬಾಗಿಲ ಕಡೆ ತಿರುಗಲಾಗಲಿಲ್ಲ, ಮುರಿದ ಫ್ಯಾನಿನ ರೆಕ್ಕೆಯ ಮೇಲಿನ ಧೂಳನ್ನು ನೋಡುತ್ತಿದ್ದ, ಬೆನ್ನ ಹಿಂದೆ ಏನಾದರೂ ಒಂದು ಸದ್ದಿಗಾಗಿ, ಅಳುವಿಗಾಗಿ, ಹೆಂಡತಿಯ ಕಿರುಚಾಟಕ್ಕಾಗಿ ಕಾಯುತ್ತಿದ್ದ, ಅವಳು ಬಂದು ತನ್ನ ಬೆನ್ನಿಗೆ ಗುದ್ದಿದರೆ ಎಷ್ಟು ಚೆನ್ನಾಗಿತ್ತು.

"ಎರಡು" ಎಂದಳು ಮಗಳು.

ತಿರುಗಿದ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದವನಿಗೆ ಹೇಳಿಕೊಡುವ ಹಾಗಿತ್ತು. ಇಲ್ಲ ಪುಟ್ಟಾ, ಒಂದೇ ಎಂದ, ಇಷ್ಟು ಒಪ್ಪಿಕೊಂಡ ಮೇಲೆ ಸುಳ್ಳು ಯಾಕೆ ಹೇಳಲಿ ಎಂದು ನಿಜವಾಗಿಯೇ ಅಂದುಕೊಂಡು ಹೇಳಿದ.

"ಎರಡು. ಮೊದಲನೇದು ಹೊಡೆದ ಮೇಲೆ ನೀನು ಗಟ್ಟಿ ಅಂತ ಹೇಳಬೇಡ ಅಂದೆ. ಆಮೇಲೆ ಇನ್ನೊಂದು. ಎರಡನೇದು ನನಗೆ ಕೇಳಿಸಲಿಲ್ಲ. ನೋಡಿದೆ."

ಅಡಿಗೆಮನೆಯ ನೆಲ, ಸುತ್ತುತ್ತಿದ್ದ ತಟ್ಟೆ, ಅವನ ಬಾಯಿಯನ್ನೇ ನೋಡುತ್ತಿದ್ದ ಮುಖ, ಎಲ್ಲವೂ ಇತ್ತು, ಎಲ್ಲವೂ ಸ್ಪಷ್ಟವಾಗಿತ್ತು, ಅದರೊಳಗೆ ಎರಡನೆಯ ಕೈ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಹುಡುಕುತ್ತಾ ನಿಂತಾಗ ಬಲಗೈಯ ಅಂಗೈ ಉರಿಯತೊಡಗಿತು. ಕಾವಲುಗಾರ ಏನಾದರೂ ಬರೆಯಲೇಬೇಕಲ್ಲ ಎಂದು ಎರಡು ಏಟು ಎಂದು ಬರೆದ. ನನಗೆ ಬಿದ್ದದ್ದು ಒಂದೇ ಸಾರ್ ಎಂದು ಗೈಡು ಮೆಲ್ಲಗೆ ಹೇಳಿದ, ಯಾರೂ ಅವನ ಕಡೆ ನೋಡಲಿಲ್ಲ.

ಹೆಂಡತಿ ಮಗಳ ಭುಜದಿಂದ ಕೈ ತೆಗೆಯಲಿಲ್ಲ. ಬಹಳ ದಣಿದವಳ ಧ್ವನಿಯಲ್ಲಿ, ಅಕ್ಕಪಕ್ಕದವರಿಗೆ ಕೇಳಿಸೀತು ಎನ್ನುವ ಸಂಕೋಚವೂ ಇಲ್ಲದೆ, ಕೇಳಿದಳು:

"ನಾಳೆ ಡಾಕ್ಟರಿಗೆ ನೀನು ಹೇಳ್ತೀಯೋ, ಈ ಸಲಾನೂ ನಾನು ಗೋಡೆ ನೋಡ್ತಾ ನಿಂತ್ಕೊಳ್ಳಲೋ?"

ಅವಳಿಗೆ ಗೊತ್ತಿತ್ತು. ಯಾವಾಗಿನಿಂದ ಎಂದು ಕೇಳುವ ಹಕ್ಕು ಅವನಿಗಿರಲಿಲ್ಲ.

"ಹೇಳ್ತೀನಿ" ಎಂದ.

"ಎರಡು ಅಂತ ಹೇಳು."